ಎರಡು ಬೆರಳು ಬಟ್ಟೆ

ಆಟಗಾರರ ಹಾಸ್ಟೆಲ್, ಎರಡನೇ ಮಹಡಿ,
ಬಟ್ಟೆ ಕೋಣೆ, ಇಸ್ತ್ರಿ ಮೇಜು
ತಾರೀಕು ೧೪, ಬುಧವಾರ ಬೆಳಗ್ಗೆ

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲು ಹೇಗಿದೆ? ಪೆಡಲ್ ತುಳಿಯುವಾಗ ಎಡಗಾಲಿನ ಕೆಳಗೆ ಹಲಗೆ ಇಟ್ಟುಕೊಳ್ಳುತ್ತಿದ್ದೀಯೋ ಅಥವಾ ನಾನು ಊರಲ್ಲಿಲ್ಲ ಎಂದು ಅದನ್ನು ಬಾಗಿಲಿಗೆ ಒತ್ತು ಕೊಟ್ಟು ಕೂತಿದ್ದೀಯೋ? ಕಣ್ಣಿಗೆ ಹನಿ ಹಾಕಿಕೊಳ್ಳುವುದನ್ನು ಮರೆಯಬೇಡ. ಸೀಸೆ ಗುಂಡಿ ಡಬ್ಬದ ಹಿಂದೆ ಇದೆ. ನಾನು ಚೆನ್ನಾಗಿದ್ದೇನೆ. ಇಲ್ಲಿ ಮೂರು ಹೊತ್ತೂ ಬ್ರೆಡ್ಡು, ಬೆಣ್ಣೆ, ಬೇಯಿಸಿದ ಆಲೂಗಡ್ಡೆ. ಕೇಳಿದಷ್ಟು ಬಡಿಸುತ್ತಾರೆ, ಕೇಳದಿದ್ದರೂ ಬಡಿಸುತ್ತಾರೆ. ನೀನು ಮಾತು ಬಿಟ್ಟು ಇವತ್ತಿಗೆ ಹನ್ನೆರಡು ದಿನ. ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಿದ ಒಂದೇ ಒಂದು ಸಲವೂ ನೀನು ನನಗೆ ಬರೀ ಮಿಷನ್ನಿನ ಸದ್ದು ಕೇಳಿಸಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಕಾಗದ ಓದಿದರೆ ಮಾತಾಡಿದ ಹಾಗೆ ಲೆಕ್ಕವಲ್ಲ, ನಿನ್ನ ಹಟಕ್ಕೇನೂ ಭಂಗ ಬರುವುದಿಲ್ಲ. ಧೈರ್ಯವಾಗಿ ಓದು.

ಬರುವ ಭಾನುವಾರ ಗಾಡಿಯವನು ಬಂದು ನಿನ್ನ ಮಿಷನ್ನನ್ನು ನಿನ್ನ ಮಗಳ ಊರಿಗೆ ಸಾಗಿಸುತ್ತಾನೆ ಎಂಬುದು ನನಗೆ ಗೊತ್ತಿದೆ. ನೀನೇ ಹೇಳಿ ಹೋದೆಯಲ್ಲ, "ನೀನು ಹೋಗಿ ಬಾ. ಬರೋ ಹೊತ್ತಿಗೆ ಅಂಗಡೀಲಿ ನಿಂದೊಂದೇ ಮಿಷನ್ ಇರುತ್ತೆ, ಆರಾಮಾಗಿ ಕಾಲು ಚಾಚ್ಕೊಂಡು ಕೂತ್ಕೋ" ಅಂತ. ಮೂವತ್ತೊಂದು ವರ್ಷದ ಅಂಗಡಿಯನ್ನು ಹೀಗೆ ಒಂದು ಮಾತಿನಲ್ಲಿ ಎರಡು ಮಾಡಿ ಹೋದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಡೆದದ್ದನ್ನೆಲ್ಲ ಕ್ರಮವಾಗಿ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಏಕೆಂದರೆ ನೀನು ಅದನ್ನು ಹೇಳುವ ರೀತಿಯೇ ಬೇರೆ. ಅಕ್ಕಪಕ್ಕದ ಅಂಗಡಿಯವರಿಗೆಲ್ಲ ನಿನ್ನದನ್ನೇ ಹೇಳಿ ಮುಗಿಸಿರುತ್ತೀಯ.

ಫುಟ್‌ಬಾಲ್ ಸಂಘದ ಕಾರ್ಯದರ್ಶಿಗಳು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದ ದಿನ ನೆನಪಿದೆಯೇ? ಹದಿನಾರು ವರ್ಷದೊಳಗಿನ ಹುಡುಗರ ತಂಡ, ಎಂಟು ದೇಶಗಳ ಪಂದ್ಯಾವಳಿ, ಬಟ್ಟೆ ಕೊಡುತ್ತೇವೆ ಎಂದಿದ್ದ ಕಾರ್ಖಾನೆ ಕೈಕೊಟ್ಟಿದೆ, ನೀವೇ ಕಾಪಾಡಬೇಕು ಎಂದರು. ಶಾಲೆಯ ಯೂನಿಫಾರ್ಮ್ ಹೊಲಿದು ಹೊಲಿದು ನನ್ನ ಜನ್ಮವೇ ನೀಲಿ ಚಡ್ಡಿಯಾಗಿ ಹೋಗಿತ್ತು. ದೇಶದ ಬಟ್ಟೆ ಹೊಲಿಯುವುದು ಎಂದಾಗ ನನಗೆ ತಲೆ ನಿಲ್ಲಲಿಲ್ಲ, ಒಪ್ಪುತ್ತೇನೆ. ಇಪ್ಪತ್ತು ಹುಡುಗರನ್ನೂ ಅಂಗಡಿಗೆ ಕರೆಸಿ ಒಬ್ಬೊಬ್ಬರಿಗೂ ಟೇಪು ಹಿಡಿದೆ. ನಮ್ಮಲ್ಲಿ ಯಾವತ್ತೂ ನಡೆಯುವ ಹಾಗೆ ಅಳತೆ, ಸುಣ್ಣದ ಗೀಟು ನನ್ನದು, ಕತ್ತರಿ, ಹೊಲಿಗೆ ನಿನ್ನದು. ನೀನು ಮಿಷನ್ನಿನ ಹಿಂದಿನಿಂದಲೇ, "ಎರಡು ಬೆರಳು ಜಾಸ್ತಿ ಹಾಕೋ, ಬೆಳೆಯೋ ಮಕ್ಕಳು" ಎಂದೆ. ಮೂವತ್ತೊಂದು ವರ್ಷ ಪ್ರತಿ ತಾಯಿಯೂ ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದ್ದು ಇದನ್ನೇ, ಮುಂದಿನ ವರ್ಷಕ್ಕೂ ಆಗಬೇಕು, ಅದರ ಮುಂದಿನ ವರ್ಷ ತಮ್ಮನಿಗೂ ಆಗಬೇಕು. ನನಗೆ ಅದನ್ನು ಕೇಳಿಯೇ ಮೈ ಉರಿಯಿತು. ಇದು ಯೂನಿಫಾರ್ಮಲ್ಲ, ಟೀವಿಯಲ್ಲಿ ಬರುವ ಬಟ್ಟೆ, ಮೈಗೆ ಅಂಟಿದ ಹಾಗೆ ಕೂರಬೇಕು, ನನ್ನ ಗೀಟಿನ ಮೇಲೆ ಒಂದು ನೂಲಿನಷ್ಟೂ ಆಚೆ ಈಚೆ ಆಗಕೂಡದು ಎಂದೆ. ನೀನು ಸುಮ್ಮನೆ ಕತ್ತರಿ ತೆಗೆದುಕೊಂಡೆ. ನೀನು ಸುಮ್ಮನಾದಾಗ ನಾನು ಹೆದರಬೇಕಿತ್ತು.

ಆಮೇಲೆ ಆದದ್ದಕ್ಕೆ ನಾನು ಹೊಣೆಯಲ್ಲ. ಪಂದ್ಯಾವಳಿಯನ್ನು ಎರಡು ಸಲ ಮುಂದೂಡಿದರು. ಐದು ತಿಂಗಳು ಆ ನಲವತ್ತು ಜೊತೆ ಬಟ್ಟೆಯನ್ನು ಕಾರ್ಯದರ್ಶಿಗಳು ಸಂಘದ ಸಭಾಂಗಣದಲ್ಲಿ, ಕಿಟಕಿಯ ಪಕ್ಕ, ಸಾಲಾಗಿ ತೂಗುಹಾಕಿಸಿ ಬಂದವರಿಗೆಲ್ಲ ತೋರಿಸಿದರು. ಹೊರಡಲು ಮೂರು ದಿನ ಇರುವಾಗ ತಂಡದ ಬಟ್ಟೆ ನೋಡಿಕೊಳ್ಳುವವನ ಸೊಂಟ ಹಿಡಿದುಕೊಂಡಿತು, ಹೊಲಿದವರೇ ಬರಲಿ ಎಂದು ನನ್ನನ್ನು ಕರೆದರು. ಆವತ್ತು ನೀನು, ಹೊರಡುವ ಮುಂಚೆ ಒಂದು ಸಲ ಹುಡುಗರಿಗೆ ತೊಡಿಸಿ ನೋಡು ಎಂದೆ. ನಾನು, ನನ್ನ ಟೇಪು ಸುಳ್ಳು ಹೇಳುವುದಿಲ್ಲ ಎಂದೆ. ನೀನು ಮತ್ತೆ ಹೇಳಿದೆ. ಆಗ ನನ್ನ ಬಾಯಿಂದ ಆ ಮಾತು ಬಂತು, ಚೀಲ ಹೊಲಿಯುವ ಕೈಗೆ ದೇಶದ ಬಟ್ಟೆಯ ವಿಚಾರ ಯಾಕೆ ಅಂತ. ಅದನ್ನು ಕಾಗದದ ಮೇಲೆ ಬರೆದು ನೋಡಿದರೆ ಇನ್ನೂ ಕೆಟ್ಟದಾಗಿ ಕಾಣುತ್ತಿದೆ. ನನಗೆ ಹೊಲಿಗೆ ಹಿಡಿಸಿದ್ದೇ ಆ ಕೈ. ಮುಂದಕ್ಕೆ ಹೋಗುತ್ತೇನೆ.

ಇಲ್ಲಿ ನೆಲಮಹಡಿಯಲ್ಲಿ ಎಂಟೂ ದೇಶದವರಿಗೆ ಸೇರಿ ಒಂದೇ ದೊಡ್ಡ ಬಟ್ಟೆ ಒಗೆಯುವ ಕೋಣೆ. ಬೇರೆ ತಂಡಗಳ ಬಟ್ಟೆ ನೋಡಿಕೊಳ್ಳುವವರು ತಲಾ ಇಬ್ಬರು, ಮೂವರು. ಚಕ್ರದ ಪೆಟ್ಟಿಗೆಗಳು, ಬಣ್ಣಬಣ್ಣದ ಚೀಟಿಗಳು. ನಮ್ಮದು ಎರಡು ಗಂಟು, ಒಂದು ಟ್ರಂಕು. ನಾನೇನೂ ಕುಗ್ಗಲಿಲ್ಲ. ಯಾರೂ ನೋಡದಾಗ ಅವರ ಬಟ್ಟೆಯನ್ನೆಲ್ಲ ಒಳಮಗ್ಗುಲು ತಿರುಗಿಸಿ ನೋಡಿದೆ. ನಂಬರು ಅಂಟಿಸಿದ್ದು ಅಕ್ಕಾ, ಹೊಲಿದದ್ದಲ್ಲ. ಇನ್ನೆರಡು ಸಲ ಒಗೆದರೆ ಏಳು ಹೋಗಿ ಒಂದಾಗುತ್ತದೆ. ಅದನ್ನು ನೋಡಿ ನನಗೆ ಎಷ್ಟು ಸಮಾಧಾನವಾಯಿತೆಂದರೆ ಆವತ್ತು ಎರಡು ಆಲೂಗಡ್ಡೆ ಹೆಚ್ಚಿಗೆ ತಿಂದೆ.

ಹೋದ ಭಾನುವಾರ ಮೊದಲ ಪಂದ್ಯ. ಮಧ್ಯಾಹ್ನ ಹುಡುಗರಿಗೆ ಬಟ್ಟೆ ಹಂಚಿ ಬಾಗಿಲ ಹತ್ತಿರ ನಿಂತೆ, ಹೊಗಳಲಿ ಎಂದು. ಐದು ನಿಮಿಷ ಯಾರೂ ಹೊರಗೆ ಬರಲಿಲ್ಲ. ಒಳಗೆ ಯಾರೋ ಕುಪ್ಪಳಿಸುವ ಸದ್ದು. ಬಾಗಿಲು ತೆಗೆದು ನೋಡಿದರೆ ಅರ್ಧ ಜನ ಚಡ್ಡಿಯನ್ನು ಮೊಣಕಾಲಿನಿಂದ ಮೇಲಕ್ಕೆ ಎಳೆಯುತ್ತಿದ್ದಾರೆ, ಅದು ಬರುತ್ತಿಲ್ಲ. ಅಂಗಿಯದು ಎಳೆದರೆ ಹಿಗ್ಗುವ ಬಟ್ಟೆ, ಹೇಗೋ ಕೂತಿತು. ಚಡ್ಡಿಯದು ಗಟ್ಟಿ ಬಟ್ಟೆ. ಐದು ತಿಂಗಳಲ್ಲಿ ಈ ಹುಡುಗರು ಏನು ತಿಂದಿದ್ದಾರೋ, ತೊಡೆಗಳು ಕಂಬಗಳಾಗಿವೆ. ನಮ್ಮ ಗೋಲ್‌ಕೀಪರ್ ಹುಡುಗ, ಎಲ್ಲರೂ ಏಣಿ ಎಂದು ಕರೆಯುತ್ತಾರೆ, ಅಳತೆ ಕೊಡುವಾಗ ನನ್ನ ಕಣ್ಣಿನ ಮಟ್ಟಕ್ಕೆ ಬರುತ್ತಿದ್ದವನು ಈಗ ನನ್ನ ಬೋಳುತಲೆಯನ್ನು ಮೇಲಿನಿಂದ ನೋಡುತ್ತಾನೆ. ಅವನು ಚಡ್ಡಿಯೊಳಗೆ ಸೇರಿಕೊಂಡು ಉಸಿರು ಹಿಡಿದು ನಿಂತು, "ಮಾಸ್ಟ್ರೇ, ಇದ್ರಲ್ಲಿ ನಿಂತ್ಕೋಬಹುದು. ಬೇರೇನೂ ಮಾಡಕ್ಕಾಗಲ್ಲ" ಎಂದ.

ಆಟ ಹೇಗಿತ್ತು ಎಂದು ಕೇಳಬೇಡ, ಆದರೂ ಹೇಳುತ್ತೇನೆ. ನಮ್ಮ ಹುಡುಗರು ಕಾಲು ಎತ್ತುವುದನ್ನೇ ಬಿಟ್ಟು, ಚೆಂಡು ತಾನಾಗಿ ಪಾದದ ಹತ್ತಿರ ಬರಲಿ ಎಂದು ಕಾಯುತ್ತಿದ್ದರು. ಓಡುವಾಗ ಇಪ್ಪತ್ತೆರಡು ಜನರಲ್ಲಿ ನಮ್ಮವರು ಯಾರು ಎಂದು ದೂರದಿಂದಲೇ ಗೊತ್ತಾಗುತ್ತಿತ್ತು, ಚಿಕ್ಕ ಚಿಕ್ಕ ಹೆಜ್ಜೆ. ಒಂಬತ್ತನೇ ನಿಮಿಷಕ್ಕೆ ಏಣಿ ಬಲಗಡೆಗೆ ಹಾರಿದ. ಪರ್ ಎಂದು ಸದ್ದು ಬಂತು, ಗ್ಯಾಲರಿಯವರೆಗೂ ಕೇಳಿಸಿತು. ಹಿಂಬದಿಯ ಹೊಲಿಗೆ ಮೇಲಿನಿಂದ ಕೆಳಗಿನವರೆಗೆ ಬಾಯಿ ಬಿಟ್ಟಿತ್ತು. ರೆಫರಿ ಆಟ ನಿಲ್ಲಿಸಿ ಬದಲಾಯಿಸಿಕೊಂಡು ಬಾ ಎಂದ. ಎರಡನೇ ಚಡ್ಡಿ ಹಾಫ್ ಟೈಮ್ ಆದಮೇಲೆ ಹೋಯಿತು. ಆಮೇಲೆ ಮೂರನೆಯದು ಇರಲಿಲ್ಲ. ಕೊನೆಯ ಗೋಲು ಬರುವಾಗ ಏಣಿ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ಚೆಂಡನ್ನು ಕಣ್ಣಿನಲ್ಲೇ ಬೀಳ್ಕೊಟ್ಟ. ಮೂರು ಸೊನ್ನೆ. ನಾನು ಬೆಂಚಿನ ಮೇಲೆ ಕೂತು ನೀರಿನ ಬಾಟಲಿಗಳನ್ನು ಎಣಿಸುತ್ತಿದ್ದೆ, ತಲೆ ಎತ್ತಲು ಮುಖವಿರಲಿಲ್ಲ.

ಈಗ ಒಂದು ವಿಷಯ ಹೇಳಬೇಕು, ನೀನು ಬೇರೆಯವರಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳುವುದು ಮೇಲು. ಆಟ ಮುಗಿದ ಮೇಲೆ ಕೋಚ್ ಆ ಹರಿದ ಚಡ್ಡಿಯನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು ಇದೇನಿದು ಎಂದು ಕೇಳಿದರು. ಸಂಭಾವಿತ ಮನುಷ್ಯ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಮಿಕ್ಕದ್ದೆಲ್ಲ ಸೀಟಿಯಲ್ಲೇ. ನಾನು, "ನಂದು ಅಳತೆ ಮಾತ್ರ ಸಾರ್, ಕತ್ತರಿಸಿ ಹೊಲಿದದ್ದು ನಮ್ಮಕ್ಕ" ಎಂದುಬಿಟ್ಟೆ. ಹೇಳಿದ ತಕ್ಷಣ ನನ್ನ ನಾಲಿಗೆ ಕಚ್ಚಿಕೊಂಡೆ. ಆದರೆ ಹೇಳಿಯಾಗಿತ್ತು. ಅವರು ನಿನ್ನ ವಿಷಯವಾಗಿ ಏನೂ ಅನ್ನಲಿಲ್ಲ. "ಮಂಗಳವಾರ ನಾಲ್ಕು ಗಂಟೆಗೆ ಈ ಮಕ್ಕಳಿಗೆ ಬಗ್ಗೋಕೆ ಆಗ್ಬೇಕು ಮಾಸ್ಟ್ರೇ, ಅಷ್ಟೇ" ಎಂದು ಹೊರಟುಹೋದರು. ಕಾರ್ಯದರ್ಶಿಗಳು ಮಾತ್ರ, ಆಗದಿದ್ದರೆ ಅಭ್ಯಾಸದ ಚಡ್ಡಿಯಲ್ಲಿ ಆಡಿಸಬೇಕಾಗುತ್ತದೆ, ದೇಶದ ಮರ್ಯಾದೆ ಮೂರಾಬಟ್ಟೆಯಾಗುತ್ತದೆ ಎಂದು ಮೆಟ್ಟಿಲು ಹತ್ತುವವರೆಗೂ ಹೇಳುತ್ತಲೇ ಇದ್ದರು. ಅಭ್ಯಾಸದ ಚಡ್ಡಿಗಳು ಐದು ಬಣ್ಣದವು.

ಸೋಮವಾರ ಬೆಳಗ್ಗೆ ಏಣಿಯ ಚಡ್ಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೂತೆ. ತೇಪೆ ಹಾಕುವುದು ಬಿಟ್ಟರೆ ನನಗೆ ಬೇರೆ ದಾರಿ ಹೊಳೆದಿರಲಿಲ್ಲ. ಮನಸ್ಸಿನಲ್ಲೇ ನಿನ್ನನ್ನು ಬಯ್ಯುತ್ತಾ ಒಳಮಗ್ಗುಲು ತಿರುಗಿಸಿದೆ. ಬೆರಳಿಗೆ ದಪ್ಪಗೆ ಏನೋ ಸಿಕ್ಕಿತು. ಪಕ್ಕದ ಹೊಲಿಗೆಯ ಒಳಗೆ ಬಟ್ಟೆ ಮಡಿಸಿ, ನೂಲು ಬಿಡದಂತೆ ಅಂಚಿಗೆ ಓವರ್‌ಲಾಕ್ ಮಾಡಿ, ಇಸ್ತ್ರಿ ಹಾಕಿ ಮಲಗಿಸಿದೆ. ಹೊಲಿಗೆ ನಡೆದಿರುವುದು ಸರಿಯಾಗಿ ನನ್ನ ಸುಣ್ಣದ ಗೀಟಿನ ಮೇಲೆ, ಒಂದು ನೂಲಿನಷ್ಟೂ ಆಚೆ ಈಚೆ ಇಲ್ಲ. ಕತ್ತರಿ ನಡೆದಿರುವುದು ಮಾತ್ರ ಗೀಟಿನಿಂದ ಆಚೆ. ಹಿಂಬದಿಯಲ್ಲೂ ಹಾಗೇ, ಕಾಲಿನ ಅಂಚಿನಲ್ಲೂ ಹಾಗೇ. ನಾನು ಹೇಳಿದ ಮಾತನ್ನೂ ನಡೆಸಿದ್ದೀಯ, ನಿನ್ನದನ್ನೂ ನಡೆಸಿದ್ದೀಯ. ನಲವತ್ತನ್ನೂ ತಿರುಗಿಸಿ ನೋಡಿದೆ. ನಲವತ್ತರಲ್ಲೂ ಇತ್ತು.

ಅಷ್ಟೇ ಆಗಿದ್ದರೆ ಹೋಗಲಿ, ಅಭ್ಯಾಸಬಲ ಎನ್ನಬಹುದಿತ್ತು. ಆದರೆ ಒಂದರಲ್ಲಿದ್ದಷ್ಟು ಇನ್ನೊಂದರಲ್ಲಿ ಇಲ್ಲ. ಏಣಿಯದರಲ್ಲಿ ಮೂರು ಬೆರಳು ಬಿಟ್ಟಿದ್ದೀಯ. ಎಡಗಡೆ ಓಡುವ ಪುಟ್ಟ ಹುಡುಗ, ಗುಬ್ಬಿ ಎನ್ನುತ್ತಾರೆ, ಅವನದರಲ್ಲಿ ಒಂದೇ ಬೆರಳು. ಕ್ಯಾಪ್ಟನ್ನಿಗೆ ಎರಡು. ಇದ್ಯಾವ ಲೆಕ್ಕ ಎಂದು ತಲೆ ಕೆರೆದುಕೊಂಡು ಕಾರಿಡಾರಿಗೆ ಬಂದೆ. ಅಲ್ಲಿ ಬಾಗಿಲುಗಳ ಮುಂದೆ ಹುಡುಗರ ಬೂಟುಗಳು ಸಾಲಾಗಿದ್ದವು. ಏಣಿಯದು ದೋಣಿ, ಗುಬ್ಬಿಯದು ಬೊಂಬೆಯ ಬೂಟು. ಆಗ ಹೊಳೆಯಿತು. ಅಂಗಡಿಗೆ ಮಗು ಬಂದರೆ ನೀನು ಮುಖ ನೋಡುವುದಿಲ್ಲ, ಪಾದ ನೋಡುತ್ತೀಯ. ಪಾದ ಮೊದಲು ಬೆಳೆಯುತ್ತೆ, ಮೈ ಆಮೇಲೆ ಬರುತ್ತೆ ಅಂತ ನನಗೆ ಹದಿನೈದು ವರ್ಷವಿದ್ದಾಗಲೇ ಹೇಳಿದ್ದೆ, ನನ್ನ ಪಾದ ನೋಡಿಯೇ. ಆವತ್ತು ನಾನು ಕುತ್ತಿಗೆಗೆ ಟೇಪು ಹಾಕಿಕೊಂಡು ಕಾರ್ಯದರ್ಶಿಗಳ ಮುಂದೆ ಜಂಬ ಕೊಚ್ಚುತ್ತಿದ್ದಾಗ ನೀನು ಮಿಷನ್ನಿನ ಮೇಲಿನಿಂದ ಇಪ್ಪತ್ತು ಜೊತೆ ಪಾದಗಳನ್ನು ನೋಡಿ ಮುಗಿಸಿದ್ದೆ. ಒಂದನ್ನೂ ಬರೆದುಕೊಳ್ಳಲಿಲ್ಲ. ನನಗೆ ಅಳು ಬಂತು ಅಕ್ಕಾ. ಗುಬ್ಬಿ ನೋಡಿಬಿಟ್ಟ, ಈರುಳ್ಳಿ ಎಂದೆ. ಈರುಳ್ಳಿ ಎಲ್ಲೂ ಇರಲಿಲ್ಲ.

ನೇರವಾಗಿ ಕೋಚ್ ಹತ್ತಿರ ಹೋದೆ. ಹುಡುಗರೆಲ್ಲ ತಿಂಡಿ ತಿನ್ನುತ್ತಿದ್ದರು, ಅವರ ಎದುರಿಗೇ ಹೇಳಿದೆ. ತಪ್ಪು ಅಳತೆ ನನ್ನದು, ಇವತ್ತು ಉಳಿಸುತ್ತಿರುವುದು ನಮ್ಮಕ್ಕ ಬಿಟ್ಟ ಬಟ್ಟೆ, ನಿನ್ನೆ ನಾನು ಹೇಳಿದ್ದು ಸುಳ್ಳು ಎಂದೆ. ಅವರು ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಿ ಚಡ್ಡಿಯ ಒಳಮಡಿಕೆಯನ್ನು ಬಹಳ ಹೊತ್ತು ನೋಡಿದರು. "ಮತ್ತೆ ಅವರನ್ನ ಯಾಕೆ ಕರ್ಕೊಂಡು ಬರ್ಲಿಲ್ಲ?" ಎಂದು ಕೇಳಿದರು. ನಾನು ಚಡ್ಡಿಯನ್ನು ಮಡಚಿಕೊಂಡು ಮಿಷನ್ ಹುಡುಕಲು ಹೊರಟೆ.

ಹಾಸ್ಟೆಲಿನ ಹಾಸಿಗೆಬಟ್ಟೆ ನೋಡಿಕೊಳ್ಳುವ ಹೆಂಗಸಿನ ಹತ್ತಿರ ಒಂದು ಹಳೆಯ ಪೆಡಲ್ ಮಿಷನ್ ಇದೆ, ಹರಿದ ಹಾಸುಗಳಿಗೆ ತೇಪೆ ಹಾಕಲು. ಆಕೆಯ ಮಾತು ನನಗೆ ಬರುವುದಿಲ್ಲ, ನನ್ನದು ಆಕೆಗೆ ಬರುವುದಿಲ್ಲ. ಚಡ್ಡಿಯ ಒಳಗನ್ನು ತೋರಿಸಿದೆ. ಹೊಲಿಗೆಯ ಮೇಲೆ ಬೆರಳಾಡಿಸಿ, ಇದು ನೀನಾ ಎಂಬಂತೆ ನನ್ನ ಕಡೆ ತೋರಿಸಿದಳು. ಹೌದು ಎನ್ನಲು ನನ್ನ ಕೈ ಎದೆಯ ಹತ್ತಿರ ಹೋಗಿತ್ತು, ನಿಜ ಹೇಳುತ್ತೇನೆ. ಅಲ್ಲಿಂದ ಎತ್ತಿ ಗಾಳಿಯಲ್ಲಿ ಒಂದು ತುರುಬು, ಒಂದು ಕನ್ನಡಕ, ಒಂದು ಸಿಡುಕು ಮುಖ ಬರೆದೆ. ಅವಳಿಗೆ ತಕ್ಷಣ ಅರ್ಥವಾಯಿತು, ನಕ್ಕು ಮಿಷನ್ನಿನ ಮೇಲಿದ್ದ ಗಂಟನ್ನು ಕೆಳಗಿಟ್ಟಳು. ಆಕೆಗೆ ತುಳಿಯಲು ಬಿಟ್ಟು ನಾನು ಬಿಚ್ಚಲು ಕೂತೆ. ಒಬ್ಬನ ಕೈಲಿ ಎಲ್ಲಿ ಆಗುತ್ತದೆ? ಮಧ್ಯಾಹ್ನದ ಹೊತ್ತಿಗೆ ನಮ್ಮ ರಾಷ್ಟ್ರೀಯ ತಂಡ ಪೂರ್ತಿಯಾಗಿ ಟವೆಲ್ ಸುತ್ತಿಕೊಂಡು ಕಾರಿಡಾರಿನಲ್ಲಿ ಸಾಲಾಗಿ ಕೂತು ಬ್ಲೇಡಿನಿಂದ ತನ್ನ ತನ್ನ ಚಡ್ಡಿಯ ಹೊಲಿಗೆ ಬಿಚ್ಚುತ್ತಿತ್ತು. ಏಣಿಗೆ ಮಾತ್ರ ಬ್ಲೇಡು ಕೊಡಕೂಡದೆಂದು ಕೋಚ್ ಅಪ್ಪಣೆ ಮಾಡಿದರು, ಅವನ ಬೆರಳು ದೇಶಕ್ಕೆ ಬೇಕು. ಅವನು ನೂಲಿನ ಚೂರು ಆರಿಸುತ್ತಾ ಕೂತ. ಬೇರೆ ದೇಶದ ಹುಡುಗರು ಮೆಟ್ಟಿಲಲ್ಲಿ ನಿಂತು ನೋಡಿ ಹೋದರು, ಇದೇನೋ ಹೊಸ ಬಗೆಯ ವ್ಯಾಯಾಮ ಅಂದುಕೊಂಡಿರಬೇಕು.

ಮಂಗಳವಾರ ಹನ್ನೊಂದು ಗಂಟೆಗೆ ಕೊನೆಯ ಚಡ್ಡಿ ಮುಗಿಯಿತು. ಒಂದು ತಮಾಷೆ ಕೇಳು. ಐದು ತಿಂಗಳು ಕಿಟಕಿಯ ಬಿಸಿಲಿಗೆ ಹೊರಗಿನ ಬಟ್ಟೆ ಮಾಸಿತ್ತು, ಒಳಗೆ ಮಡಿಸಿದ್ದು ಹೊಸದಾಗಿಯೇ ಇತ್ತು. ಹಾಗಾಗಿ ಪ್ರತಿ ಚಡ್ಡಿಯ ಎರಡೂ ಪಕ್ಕದಲ್ಲಿ ಕಡುಹಸಿರಿನ ಒಂದು ಪಟ್ಟಿ ಎದ್ದಿತು. ಏಣಿಗೆ ಅಗಲ, ಗುಬ್ಬಿಗೆ ದಾರದಷ್ಟು. ಪಕ್ಕದ ತಂಡದವನು ಬಂದು ಅದರ ಫೋಟೋ ತೆಗೆದುಕೊಂಡು ಹೋದ. ಕಾರ್ಯದರ್ಶಿಗಳು ಪತ್ರಿಕೆಯವರಿಗೆ, ಇದು ತಮ್ಮದೇ ಆಲೋಚನೆ, ಆಟಗಾರನ ಜಾಗಕ್ಕೆ ತಕ್ಕಂತೆ ಪಟ್ಟಿಯ ಅಗಲ ಎಂದು ವಿವರಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಕೆಮ್ಮಿದೆ. ನಾಲ್ಕು ಗಂಟೆಗೆ ಆಟ. ಏಣಿ ಹಾರಿದ್ದೇ ಹಾರಿದ್ದು. ಚೆಂಡು ಬಂದರೂ ಹಾರಿದ, ಬರದಿದ್ದರೂ ಹಾರಿದ, ಹಾರಲು ಬರುತ್ತದಲ್ಲ ಎಂಬ ಸಂತೋಷಕ್ಕೇ ಹಾರಿದ. ಒಂದು ಗೋಲು ಬಿಟ್ಟ, ಏಳೋ ಎಂಟೋ ತಡೆದ. ಮುಗಿಯಲು ನಾಲ್ಕು ನಿಮಿಷವಿರುವಾಗ ಗುಬ್ಬಿ ಎರಡೂ ಕಾಲು ಚಾಚಿ, ನೆಲದ ಮೇಲೆ ಜಾರಿಕೊಂಡು ಹೋಗಿ ಚೆಂಡನ್ನು ಬಲೆಯೊಳಗೆ ತಳ್ಳಿದ. ಭಾನುವಾರದ ಚಡ್ಡಿಯಾಗಿದ್ದರೆ ಅದು ಆಗುತ್ತಿರಲಿಲ್ಲ. ಒಂದು ಒಂದು. ಗೆಲುವಲ್ಲ, ಸಮ. ಆದರೆ ನಮ್ಮ ಹುಡುಗರಿಗೆ ಈ ಪಂದ್ಯಾವಳಿಯಲ್ಲಿ ಸಿಕ್ಕ ಮೊದಲ ಅಂಕ ಅದು, ಕಪ್ ಗೆದ್ದವರಂತೆ ಕುಣಿದರು. ಕೋಚನ್ನು ಎತ್ತಿ ತೂರಿದರು. ಆಮೇಲೆ, ಬೇಡವೆಂದರೂ ಕೇಳದೆ, ನನ್ನನ್ನೂ ಎತ್ತಿದರು. ಆಗ ಒಂದು ಸದ್ದಾಯಿತು. ಅದಿರಲಿ.

ಶುಕ್ರವಾರ ಕೊನೆಯ ಪಂದ್ಯ, ಸೋಮವಾರ ಸಂಜೆಗೆ ಊರು ಸೇರುತ್ತೇವೆ. ಕಾರ್ಯದರ್ಶಿಗಳಿಗೆ ಊರಲ್ಲಿ ಯಾವುದೋ ಸಭೆಯಂತೆ, ಇವತ್ತೇ ಹೊರಟಿದ್ದಾರೆ. ಈ ಕಾಗದವನ್ನು ಅವರ ಕೈಲೇ ಕಳಿಸುತ್ತೇನೆ, ಶನಿವಾರ ನಿನ್ನ ಕೈ ಸೇರುತ್ತದೆ. ದಾರಿಯಲ್ಲಿ ಓದದಿರಲಿ ಎಂದು ಲಕೋಟೆಯ ಬಾಯಿಗೆ ಹೊಲಿಗೆ ಹಾಕುತ್ತೇನೆ, ಹಲ್ಲಿನಿಂದ ಕೀಳಬೇಡ, ಕತ್ತರಿ ತೆಗೆದುಕೋ. ನಿನ್ನ ಮಗಳಿಗೆ ನನ್ನ ಆಶೀರ್ವಾದ ತಿಳಿಸು, ಅವಳ ಮನೆಯಲ್ಲಿ ಜಾಗ ಇಕ್ಕಟ್ಟು ಎಂದೂ ನೆನಪಿಸು. ಏಣಿ, ಗುಬ್ಬಿ ಮತ್ತು ಮಿಕ್ಕ ಹದಿನೆಂಟು ಜನ, ನಾವು ನೋಡದ ಆ ದೊಡ್ಡಮ್ಮನಿಗೆ ನಮಸ್ಕಾರ ಹೇಳಿ ಎಂದಿದ್ದಾರೆ. ಅಳತೆಯ ದಿನ ಅಂಗಡಿಯಲ್ಲಿ ನೋಡಿದ್ದಾರೆ, ಆದರೆ ಅವರು ನಿನ್ನನ್ನು ಗಮನಿಸಿರಲಿಲ್ಲ. ಹನಿ ಹಾಕಿಕೋ, ಹಲಗೆ ಇಟ್ಟುಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಕೋಪಕ್ಕೂ ಕೈಗೂ ತಲೆಬಾಗಿ,
ನಿನ್ನ ತಮ್ಮ

ಮರೆತ ಮಾತು: ಕಾರ್ಯದರ್ಶಿಗಳು ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಆ ಸದ್ದು ನನ್ನ ಪ್ಯಾಂಟಿನದು. ತಂಡದ ಜೊತೆ ಹೋಗುವವರಿಗೆ ನೀಲಿ ಪ್ಯಾಂಟು ಬೇಕು ಎಂದಿದ್ದಕ್ಕೆ ನೀನು ಮಾತು ಬಿಟ್ಟ ಮೇಲೆ ಹೊಲಿದು, ನನ್ನ ಮುಖವನ್ನೂ ನೋಡದೆ ಮೇಜಿನ ಮೇಲೆ ಎಸೆದು ಹೋದೆಯಲ್ಲ, ಅದೇ. ಇಷ್ಟು ದಿನದ ಆಲೂಗಡ್ಡೆಗೆ ಸೊಂಟದ ಹಿಂದೆ ಬಿಟ್ಟುಕೊಂಡಿತು. ಇವತ್ತು ಬೆಳಗ್ಗೆ ಒಳಮಗ್ಗುಲು ತಿರುಗಿಸಿ ನೋಡಿದೆ. ನಾಲ್ಕು ಬೆರಳು ಬಿಟ್ಟಿದ್ದೀಯ ಅಕ್ಕಾ. ಯಾವ ಹುಡುಗನಿಗೂ ಅಷ್ಟು ಬಿಟ್ಟಿಲ್ಲ. ನಾನು ಅಂದ ಮಾತು ಇನ್ನೂ ಕಿವಿಯಲ್ಲಿರುವಾಗಲೇ ಕೂತು ಅಷ್ಟು ಬಟ್ಟೆ ಬಿಟ್ಟಿದ್ದೀಯ. ತಪ್ಪಾಯಿತು. ಭಾನುವಾರ ಗಾಡಿಯವನು ಬಂದರೆ ವಾಪಸು ಕಳಿಸು, ಮಿಷನ್ ಅಲ್ಲೇ ಇರಲಿ. ಪ್ಯಾಂಟನ್ನು ನಾನು ಬಿಚ್ಚಿಲ್ಲ, ಪಿನ್ನು ಚುಚ್ಚಿಕೊಂಡು ಓಡಾಡುತ್ತಿದ್ದೇನೆ. ಸೋಮವಾರ ತರುತ್ತೇನೆ, ನೀನೇ ಹೊಲಿದುಕೊಡು.